ಬಾಜೂ ರಾಶಿಯ ಮಾತು

ನನ್ನ ಹೆಂಡತಿ ರಾಣೆಬೆನ್ನೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದಳು. ಎರಡು ಸಾವಿರದ ಐದಾರರ ಸುಮಾರಿಗೆ, ಮುಂಬಯಿಯ ಕೇಂದ್ರ ಬ್ಯಾಂಕಿನಲ್ಲಿ ಮೂರು ತಿಂಗಳು ಕೂತು ಸಂಶೋಧನೆ ಮಾಡುವ ಫೆಲೋಶಿಪ್ ಅವಳಿಗೆ ಸಿಕ್ಕಿತು. ಮುಂದೆ ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಬೆಳೆ ಬೆಳೆದ ರೈತರು ಹೇಗೆ ಅಂದಾಜು ಮಾಡುತ್ತಾರೆ ಎಂಬುದು ಅವಳ ವಿಷಯ. ಜನವರಿಯಲ್ಲಿ ಹೋದಳು. ಯುಗಾದಿಗೆ ಬರುತ್ತೇನೆ ಎಂದಿದ್ದಳು.

ಹಾವೇರಿಯ ಮನೆಯಲ್ಲಿ ನಾನು, ಅವ್ವ ಇಬ್ಬರೇ ಉಳಿದೆವು. ಸಂಜೆ ಆರಕ್ಕೆ ರಾಣೆಬೆನ್ನೂರಿನ ಬಸ್ಸು ಬರುವ ಹೊತ್ತಿಗೆ ಚಹಾಕ್ಕಿಡುವುದು ನನ್ನ ರೂಢಿ. ಅವಳು ಹೋದ ಮೇಲೂ ಮೂರು ಕಪ್ಪಿನ ನೀರನ್ನೇ ಇಡುತ್ತಿದ್ದೆ. ಉಳಿದದ್ದನ್ನು ಅವ್ವ ಕುಡಿಯುತ್ತಿದ್ದಳು.

ರೈತರನ್ನು ಕೇಳಿ ಅವಳ ಪ್ರಶ್ನೆಯ ಹಾಳೆಗಳನ್ನು ತುಂಬಿಸುವ ಕೆಲಸ ನನಗೆ ಬಂತು. ಸೋಮವಾರ ನನ್ನ ಪುಸ್ತಕದಂಗಡಿಗೆ ರಜೆ. ರೈಲು ಹಿಡಿದು ಬ್ಯಾಡಗಿಯ ಮಾರುಕಟ್ಟೆಗೆ ಹೋಗಿ, ಮೂಗಿಗೆ ಟವೆಲ್ ಕಟ್ಟಿಕೊಂಡು ಮೆಣಸಿನಕಾಯಿ ರಾಶಿಗಳ ನಡುವೆ ಓಡಾಡುತ್ತಿದ್ದೆ. "ಮೂರು ತಿಂಗಳ ಮ್ಯಾಲ ನಿಮ್ಮ ಮಾಲಿನ ದರ ಏನಾಗಬಹುದ್ರಿ?" ಎಂದು ಕೇಳಿದರೆ ಮೊದಲನೆಯ ರೈತನೇ ಕೈ ಅಡ್ಡ ಮಾಡಿದ.

"ಮಾರೂಕಿಂತ ಮೊದ್ಲ ನಮ್ಮ ರಾಶೀದು ನಾವ ಹೇಳಬಾರ್ದ್ರಿ ಸರ. ದೃಷ್ಟಿ ಆಗತೈತಿ. ಬೇಕಾದ್ರ ಬಾಜೂದವ್ರದು ಹೇಳ್ತೇನಿ."

ಎಲ್ಲರದೂ ಅದೇ ಮಾತು. ಪಕ್ಕದವರ ರಾಶಿಯಿಂದ ಒಂದು ಕಾಯಿ ತೆಗೆದು, ಮುರಿದು, ಮೂಸಿ, "ಏರತೈತಿ ಬರ್ಕೋರಿ" ಎನ್ನುವರು. ನಾನು ಹೇಳಿದವನ ಊರು ಬರೆದೆ, ಅವನ ಮಾತು ಬರೆದೆ, ಯಾರ ರಾಶಿಯ ಮಾತು ಅದು ಎಂದು ಮಾತ್ರ ಬರೆಯಲಿಲ್ಲ. ಹೀಗೆ ಐದು ಸೋಮವಾರ ತುಂಬಿಸಿ, ಹಾಳೆಗಳನ್ನೆಲ್ಲ ಒಟ್ಟಿಗೆ ಅಂಚೆಗೆ ಹಾಕಿದೆ.

ಯುಗಾದಿಗೆ ಹದಿನೈದು ದಿನ ಇದೆ ಎನ್ನುವಾಗ ಒಂದು ಸಂಜೆ ಅವಳ ಫೋನು ಬಂತು.

"ಅಲ್ರೀ, ಒಬ್ಬರೂ ಇಳಿತೈತಿ ಅಂದಿಲ್ಲಲ್ಲ? ಇಲ್ಲಿ ನಮ್ಮ ಸರ್ ನಗಾಕತ್ತಾರ."

"ಮಂದಿ ರಾಶಿ ಮುಂದ ನಿಂತು ಯಾರರ ಇಳಿತೈತಿ ಅಂತಾರೇನ?" ಎಂದೆ. ನಡೆದದ್ದನ್ನೆಲ್ಲ ಹೇಳಿದೆ.

ಬಹಳ ಹೊತ್ತು ನಕ್ಕಳು. ಆಮೇಲೆ ದನಿ ಇಳಿಯಿತು.

"ಇವು ಉಪಯೋಗಕ್ಕ ಬರಂಗಿಲ್ರಿ. ಮತ್ತ ಮೊದಲಿಂದ ಕೇಳಬೇಕು. ಬ್ಯಾಂಕಿನವರು ಇನ್ನೆರಡು ತಿಂಗಳು ಕೊಡ್ತೇವಿ ಅಂದಾರ, ನಾಳೆ ಹೇಳಬೇಕು. ಇಲ್ಲಾಂದ್ರ ಇಷ್ಟಕ್ಕ ಬಿಟ್ಟು ಯುಗಾದಿಗೆ ಬಂದಬಿಡ್ತೇನಿ. ನೀವು ಏನಂತೀರಿ?"

"ಅವ್ವ ದಿನಾ ಕೇಳ್ತಾಳ, ಯಾವಾಗ ಬರ್ತಾಳ ಅಂತ."

"ಅತ್ತೀದು ಆತು."

"ಎದುರು ಮನಿ ಅಕ್ಕಾರೂ ಕೇಳಿದ್ರು."

"ಬಾಜೂ ರಾಶೀದು ಸಾಕ್ರಿ. ನಿಮ್ಮದು ಹೇಳ್ರಿ."

ಒಲೆಯ ಮೇಲೆ ಚಹಾ ಕುದಿಯುತ್ತಿತ್ತು, ಮೂರು ಕಪ್ಪಿನದು. ಬಂದುಬಿಡು ಎಂಬ ಒಂದು ಮಾತು ಸಾಕಿತ್ತು, ಅವಳು ಬರುತ್ತಿದ್ದಳು.

"ಹೊಸಾ ಹಾಳಿ ಕಳಸು," ಎಂದೆ. "ಈ ಸಲ ಮಾಲು ಮಾರಿ ಚಹಾ ಕುಡ್ಯಾಕ ಕುಂತವರ್ನ ಕೇಳ್ತೇನಿ."



"ಮೂಗಿಗೆ ಟವೆಲ್ ಕಟಗೊಂಡು ಹೋಗ್ರಿ," ಎಂದಳು.