ಉಡಿಯಿಂದ ಮರಳಿ ಬಂದ ಅಕ್ಕಿ

‘ನಾವೂ ಕನ್ನಡದವರೇ ಅಮ್ಮಾ, ಬಾಡಿಗೆ ಸ್ವಲ್ಪ ಇಳಿಸಿ’ ಎಂದಳು ಆಕೆ, ಅಪ್ಪಟ ತೆಲುಗಿನಲ್ಲಿ. ದಿಲ್‌ಸುಖ್‌ನಗರದ ನಮ್ಮ ಮಹಡಿ ಮನೆ ನೋಡಲು ಬಂದಿದ್ದಳು. ಕನ್ನಡದವರಿಗೇ ಕೊಡಬೇಕೆಂಬುದು ನನ್ನ ಹಟ.

‘ಹಂಗಾದ್ರ ಕನ್ನಡದಾಗ ಕೇಳವ್ವಾ. ಬಾಡಿಗಿ ಮಾತು ಬಂದಾಗ ಎಲ್ಲಾರೂ ನಮ್ಮವರ ಆಗ್ತಾರ ನೋಡು!’ ಎಂದೆ. ಆಕೆಗೆ ಒಂದು ಮಾತೂ ತಿಳಿಯಲಿಲ್ಲ. ಅದನ್ನೇ ತೆಲುಗಿನಲ್ಲಿ ಹೇಳಿದಾಗ, ತನ್ನಜ್ಜಿ ರಾಯಚೂರು ಕಡೆಯವಳು, ಮನೆಯಲ್ಲಿ ಭಾಷೆ ಉಳಿಯಲಿಲ್ಲ ಎಂದು ತಲೆ ತಗ್ಗಿಸಿದಳು. ಇಂಥ ಉಪಾಯ ಎಷ್ಟೋ ನೋಡಿದವಳು ನಾನು. ಮನೆ ಇಲ್ಲ ಎಂದುಬಿಟ್ಟೆ.

ಆದರೆ ಶುಕ್ರವಾರ ಬಂದ ಮುತ್ತೈದೆಯನ್ನು ಬರಿದೇ ಕಳಿಸಲಾದೀತೇ? ಕುಂಕುಮ ಹಚ್ಚಿ, ಅಕ್ಕಿ, ಕಾಯಿ, ಕುಪ್ಪಸದ ಕಣ ಹಾಕಿ ಉಡಿ ತುಂಬಿದೆ. ಸೆರಗೊಡ್ಡಿ ತುಂಬಿಸಿಕೊಂಡ ಆಕೆ, ಯಾರೂ ಹೇಳದೆ, ಅದರಿಂದ ಚಿಟಿಕೆ ಅಕ್ಕಿ ತೆಗೆದು ನನ್ನ ತಟ್ಟೆಗೆ ಮರಳಿ ಹಾಕಿದಳು. ಕೊಟ್ಟ ಮನೆ ಬರಿದಾಗದಿರಲಿ ಎಂದು ನಮ್ಮವ್ವನೂ ಹೀಗೇ ಹಾಕುತ್ತಿದ್ದಳು. ಯಾಕೆ ಹಾಕಿದೆಯೆಂದು ಕೇಳಿದರೆ ಬಂದಾಕೆಗೆ ಗೊತ್ತಿರಲಿಲ್ಲ. ‘ಅಜ್ಜಿ ಹೀಗೇ ಮಾಡುತ್ತಿದ್ದಳು’ ಎಂದಳಷ್ಟೆ.

ಕೀಲಿ ಕೊಟ್ಟೆ. ಬಾಡಿಗೆ ಮಾತ್ರ ಇಳಿಸಲಿಲ್ಲ. ಮನೆ ಕೊಡುವವರಿಗೆ ನನ್ನದೊಂದು ಮಾತು: ನಮ್ಮವರೆಂದು ಬಂದವರನ್ನು ಬರೀ ಮಾತಿನಿಂದ ಅಳೆದು ಕಳಿಸಬೇಡಿ. ಆ ಚಿಟಿಕೆ ಅಕ್ಕಿಯನ್ನು ಡಬ್ಬಿಗೆ ಸುರಿಯಲು ಮನಸ್ಸಾಗದೆ ದೇವರ ಮುಂದಿಟ್ಟಿದ್ದೇನೆ.