ಉಚ್ಚಿಲದ ಆಸ್ಯಾ ಏಳನೆಯ ಪರೀಕ್ಷೆಗೆ ಕಟ್ಟಿದ್ದು

ಉಚ್ಚಿಲದಲ್ಲಿ ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿಯುವ ಓಣಿಯಲ್ಲಿ ಅಲಿ ಎಂಬವನ ಮನೆಯಿತ್ತು. ಅಲಿ ಮಸ್ಕತ್ತಿನಲ್ಲಿ ದುಡಿಯುತ್ತಿದ್ದ. ಮನೆಯಲ್ಲಿ ಅವನ ಹೆಂಡತಿ ಸಫಿಯಾ, ಮಕ್ಕಳು, ಮತ್ತು ಹಿಂದುಗಡೆಯ ಇಳಿಮಾಡಿನ ಕೋಣೆಯಲ್ಲಿ ಅವನ ತಂಗಿ ಆಸ್ಯಾ. ಅಡಿಗೆ ಮುಗಿದ ಮೇಲೆ ಅವಳು ಆ ಕೋಣೆಯ ಬಾಗಿಲಲ್ಲಿ ಬೀಡಿ ಕಟ್ಟುತ್ತ ಕೂರುತ್ತಿದ್ದಳು. ಓಣಿಯಲ್ಲಿ ಹೋಗುವ ಹೆಂಗಸರು ಸಫಿಯಾಳನ್ನು ಮಾತನಾಡಿಸಿ ಮುಂದೆ ಹೋಗುವರು. ಹಿಂದುಗಡೆಗೆ ಬರಲು ಯಾರಿಗೂ ಕಾರಣವಿರಲಿಲ್ಲ.

ಆಸ್ಯಾಳನ್ನು ಹೂಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಕುಂಞಿ ಮೊಹಮ್ಮದ್ ಮಲ್ಪೆಯ ದೋಣಿಗಳಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಕೆಟ್ಟವನಲ್ಲ. ಅವರಿಗೊಬ್ಬಳು ಮಗಳು ಹುಟ್ಟಿದಳು, ಆಯಿಶು. ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡಳು. ಆಮೇಲೆ ಕುಂಞಿ ಮೊಹಮ್ಮದ್ ಮನೆಗೆ ಬರುವುದೇ ಕಡಿಮೆಯಾಯಿತು. ಒಂದು ದಿನ, “ನಿನ್ನ ಮುಖ ನೋಡಿದರೆ ಅವಳೇ ಕಾಣುತ್ತಾಳೆ, ನನ್ನಿಂದ ಆಗುವುದಿಲ್ಲ” ಎಂದ. ಅಳುತ್ತಲೇ ಹೇಳಿದ. ಸಂಬಂಧ ಮುಗಿದು ಆಸ್ಯಾ ಅಣ್ಣನ ಮನೆಗೆ ಬಂದಳು. ಕುಂಞಿ ಮೊಹಮ್ಮದ್ ಬೊಂಬಾಯಿಗೆ ಹೋಗಿ ಅಲ್ಲೇ ಮತ್ತೊಂದು ಸಂಸಾರ ಮಾಡಿಕೊಂಡನೆಂದು ಮುಂದೆ ಯಾರೋ ಹೇಳಿದರು.

ಹೀಗೆ ಎಂಟು ವರ್ಷ ಹೋದವು. ೧೯೭೯ರ ಮಳೆಗಾಲ ಮುಗಿಯುವ ಹೊತ್ತಿಗೆ ಉಡುಪಿಯಿಂದ ಒಬ್ಬರು ಮೇಲ್ವಿಚಾರಕಿ ಓಣಿಗೆ ಬಂದರು. ಇಲ್ಲಿಯ ಚಿಕ್ಕ ಮಕ್ಕಳಿಗೆ ಒಂದು ಬಾಲವಾಡಿ ತೆರೆಯುವ ಯೋಚನೆಯಿತ್ತು. ಮಕ್ಕಳಿಗೆ ಬ್ಯಾರಿ ಬಿಟ್ಟರೆ ಬೇರೆ ಭಾಷೆ ಬಾರದು, ಆದ್ದರಿಂದ ಕಲಿಸಲು ಇಲ್ಲಿಯವಳೇ ಒಬ್ಬಳು ಬೇಕು, ಏಳನೇ ತರಗತಿ ಪಾಸಾಗಿರಬೇಕು ಎಂದರು. ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಏಳನೆಯದು ಪಾಸಾದವಳು ಒಬ್ಬಳೂ ಇರಲಿಲ್ಲ. ಆಸ್ಯಾ ಆರನೆಯದಕ್ಕೆ ಬಿಟ್ಟವಳು.

ಮೇಲ್ವಿಚಾರಕಿ ಬಸ್ಸಿಗೆ ಹೊರಟಾಗ ಆಸ್ಯಾ ಹಿಂದೆಯೇ ಹೆದ್ದಾರಿಯವರೆಗೆ ಹೋದಳು.

“ಈಗ ಪರೀಕ್ಷೆ ಬರೆದರೆ ಆಗ್ತದಾ, ಅಮ್ಮ? ನನಗೆ ಮೂವತ್ತೆರಡಾಯಿತು.”

“ಖಾಸಗಿಯಾಗಿ ಕಟ್ಟಬಹುದು. ವಯಸ್ಸಿನದ್ದು ತೊಂದರೆ ಇಲ್ಲ. ಆದರೆ ಗಣಿತ ಉಂಟಲ್ಲ, ಅದರಲ್ಲಿ ತುಂಬಾ ಜನ ಫೇಲಾಗಿ ಹೋಗ್ತಾರೆ” ಎಂದು ಆಕೆ ಬಸ್ಸು ಹತ್ತಿದರು.

ಮನೆಯಲ್ಲಿ ಹೇಳಿದಾಗ ಸಫಿಯಾ ನಕ್ಕಳು. “ಏಳನೇ ಪಾಸಾದರೆ ತಲೆಗೆ ಕಿರೀಟ ಇಡುತ್ತಾರಾ?” ಆದರೂ ತನ್ನ ಮಗಳು ಹಿಂದಿನ ವರ್ಷ ಓದಿ ಮುಗಿಸಿದ್ದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಕೊಟ್ಟಳು. ಗಣಿತದ ಪುಸ್ತಕದ ಕೊನೆಯ ಹಾಳೆಗಳನ್ನು ಯಾರೋ ಹರಿದಿದ್ದರು. ಉತ್ತರಗಳಿದ್ದದ್ದು ಅಲ್ಲಿಯೇ.

ಕೂಡಿಸುವುದು, ಕಳೆಯುವುದು, ಮಗ್ಗಿ ಎಲ್ಲ ಆಸ್ಯಾಳಿಗೆ ಮರೆತಿರಲಿಲ್ಲ. ಅವಳು ಸೋತದ್ದು ಹೇಳಿಕೆ ಲೆಕ್ಕಗಳಲ್ಲಿ. ಅಲ್ಲಿ ಅಂಕಿಗಳಿಗಿಂತ ಮಾತೇ ಹೆಚ್ಚು. ‘ಎರಡರಷ್ಟು’ ಎಂದರೂ ‘ಎರಡು ಹೆಚ್ಚು’ ಎಂದರೂ ಅವಳಿಗೆ ಒಂದೇ ಆಗಿ ಕೇಳಿಸುತ್ತಿತ್ತು. ‘ಕ್ರಮವಾಗಿ’ ಎಂಬ ಶಬ್ದ ಬಂದರೆ ಪುಸ್ತಕ ಮುಚ್ಚಿ ಇಡುವಷ್ಟು ಬೇಸರ.

ಓಣಿ ಹೆದ್ದಾರಿಗೆ ಸೇರುವಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಲೊರ್ನಾ ಟೀಚರ್ ಇದ್ದರು. ಊರಿನ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಅವರು ಕುಂದಾಪುರದ ಆಚೆಯವರು, ಆಸ್ಯಾಳಿಗಿಂತ ಹತ್ತಾರು ವರ್ಷ ದೊಡ್ಡವರು. ಮದುವೆಯಾಗಿರಲಿಲ್ಲ. ರಜೆಯಲ್ಲಿ ಮಾತ್ರ ಊರಿಗೆ ಹೋಗುತ್ತಿದ್ದರು. ಒಂದು ಶನಿವಾರ ಮಧ್ಯಾಹ್ನ ಆಸ್ಯಾ ಪುಸ್ತಕವನ್ನು ಸೆರಗಿನೊಳಗೆ ಹಿಡಿದುಕೊಂಡು ಅವರ ಬಾಗಿಲಲ್ಲಿ ನಿಂತಳು. ಟೀಚರ್ ಹೆಚ್ಚು ಕೇಳಲಿಲ್ಲ. ಚಾಪೆ ಹಾಸಿದರು.

“ಇದನ್ನು ಮಾಡು” ಎಂದು ಒಂದು ಲೆಕ್ಕ ತೋರಿಸಿದರು. ಎಂಟು ಜನ ಒಂದು ಕೆಲಸವನ್ನು ಆರು ದಿನಗಳಲ್ಲಿ ಮುಗಿಸಿದರೆ ಹನ್ನೆರಡು ಜನ ಎಷ್ಟು ದಿನಗಳಲ್ಲಿ ಮುಗಿಸುವರು?

ಆಸ್ಯಾ ಬೆವರುತ್ತ ಬರೆದಳು: ಒಂಬತ್ತು ದಿನ.

“ಜನ ಹೆಚ್ಚಾದರೆ ಕೆಲಸ ನಿಧಾನ ಆಗ್ತದಾ, ಆಸ್ಯಾ?”

“ನಮ್ಮ ಮನೆಯಲ್ಲಿ ಹಾಗೆಯೇ ಆಗ್ತದೆ, ಟೀಚರ್.”

ಲೊರ್ನಾ ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಸ್ಯಾಳೂ ನಕ್ಕಳು. ತನ್ನ ಮಾತಿಗೆ ಯಾರಾದರೂ ನಕ್ಕು ಎಷ್ಟು ಕಾಲವಾಗಿತ್ತೋ ಅವಳಿಗೆ ನೆನಪಿರಲಿಲ್ಲ.

“ಅಂಕಿಯನ್ನು ಆಮೇಲೆ ನೋಡು” ಎಂದರು ಟೀಚರ್. “ಮೊದಲು ಅದು ಎಂತ ಕೇಳ್ತಾ ಉಂಟು ಅಂತ ನಿನ್ನ ಭಾಷೆಯಲ್ಲಿ ನೀನೇ ಹೇಳಿಕೋ. ನಿನ್ನ ಓಣಿಯಲ್ಲೇ ಆದ ಹಾಗೆ ಹೇಳಿಕೋ.”

ಅಂದಿನಿಂದ ಆಸ್ಯಾ ಬೀಡಿ ಕಟ್ಟುತ್ತ ಲೆಕ್ಕಗಳನ್ನು ಬ್ಯಾರಿಯಲ್ಲಿ ಹೇಳಿಕೊಳ್ಳತೊಡಗಿದಳು. ಪುಸ್ತಕದಲ್ಲಿ ಹೆಸರಿಲ್ಲದ ಎಂಟು ಜನ ಬಲೆ ಸರಿಮಾಡುವವರಾದರು. ಕಾಲುದಾರಿಯಲ್ಲಿ ಎದುರು ಬದುರಾಗಿ ಹೊರಟ ಇಬ್ಬರಲ್ಲಿ ಒಬ್ಬ ಪಡುಬಿದ್ರಿಯಿಂದ ಬಂದ, ಇನ್ನೊಬ್ಬ ಕಾಪುವಿನಿಂದ. ಇಬ್ಬರೂ ಎಲ್ಲಿ ಸಿಗುತ್ತಾರೆಂದು ಅವಳಿಗೆ ಕಣ್ಣೆದುರು ಕಂಡಂತಾಗುತ್ತಿತ್ತು. ಸಫಿಯಾ ಒಮ್ಮೆ ಹಿಂದೆ ಬಂದು, “ಯಾರ ಹತ್ತಿರ ಮಾತಾಡುತ್ತಿದ್ದೀ?” ಎಂದು ಕೇಳಿದಳು. ಯಾರ ಹತ್ತಿರವೂ ಅಲ್ಲ ಎಂದಳು ಆಸ್ಯಾ. ಸಫಿಯಾ ಸ್ವಲ್ಪ ಹೊತ್ತು ನಿಂತು ನೋಡಿ ಒಳಗೆ ಹೋದಳು.

ಶನಿವಾರಗಳು ಹೀಗೆ ನಡೆದವು. ಒಂದು ದಿನ ವಯಸ್ಸಿನ ಲೆಕ್ಕ ಬಂತು. ತಾಯಿಗೆ ಇಪ್ಪತ್ತೆಂಟು ವರ್ಷ, ಮಗಳಿಗೆ ನಾಲ್ಕು. ಎಷ್ಟು ವರ್ಷಗಳ ನಂತರ ತಾಯಿಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟಾಗುವುದು? ಆಸ್ಯಾ ಬೇಗನೆ ಬಿಡಿಸಿದಳು. ಎಂಟು ವರ್ಷಗಳ ನಂತರ.

“ಸರಿಯಾ ಅಂತ ನೋಡು” ಎಂದರು ಟೀಚರ್. “ಎಂಟು ವರ್ಷ ಹೋಗಲಿ. ತಾಯಿಗೆ ಎಷ್ಟಾಯಿತು?”

“ಮೂವತ್ತಾರು.”

“ಮಗಳಿಗೆ?”

ಆಸ್ಯಾ ಸೀಸದಕಡ್ಡಿಯನ್ನು ಚಾಪೆಯ ಮೇಲಿಟ್ಟಳು.

“ಹನ್ನೆರಡು ಅಲ್ವಾ? ಗೊತ್ತುಂಟು ನಿನಗೆ.”

“ಟೀಚರ್, ವಯಸ್ಸಿನ ಲೆಕ್ಕ ನನಗೆ ಬೇಡ.”

“ಬೇಡ ಅಂದರೆ ಹೇಗೆ? ಪ್ರತಿ ವರ್ಷ ಒಂದು ಬಂದೇ ಬರ್ತದೆ.”

ಆಗ ಆಸ್ಯಾ ಹೇಳಿದಳು. ತನ್ನ ಮಗಳು ನಾಲ್ಕಕ್ಕೆ ನಿಂತುಹೋದದ್ದನ್ನು, ಇದ್ದಿದ್ದರೆ ಈಗ ಅವಳಿಗೂ ಹನ್ನೆರಡಾಗಿ ಇದೇ ಏಳನೆಯ ತರಗತಿಯಲ್ಲಿ ಇರುತ್ತಿದ್ದಳೆಂಬುದನ್ನು. ಅಣ್ಣನ ಮನೆಗೆ ಬಂದ ಮೇಲೆ ಆಯಿಶುವಿನ ಹೆಸರನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಲೊರ್ನಾ ಟೀಚರ್ ಎದ್ದು ಚಾ ಮಾಡಿ ತಂದರು. ಇಬ್ಬರೂ ಕುಡಿದು ಮುಗಿಸಿದ ಮೇಲೆ, “ಬೇಡ, ಬಿಡುವ. ಬೇರೆ ಲೆಕ್ಕದಲ್ಲಿ ಅಂಕ ತೆಗೆಯುವ” ಎಂದರು. ಆಮೇಲೆ ಆ ಜಾತಿಯ ಲೆಕ್ಕ ಬಂದ ಪುಟವನ್ನು ಅವರೇ ಸುಮ್ಮನೆ ಮಗುಚುತ್ತಿದ್ದರು.

ಡಿಸೆಂಬರ್ ಮುಗಿಯುವ ಮೊದಲೇ ಟೀಚರಿಗೆ ಕಾರ್ಕಳದ ಕಡೆಗೆ ವರ್ಗವಾಯಿತು. ಟ್ರಂಕು, ಸೀಮೆಎಣ್ಣೆ ಸ್ಟೌ, ಹಾಸಿಗೆಯ ಸುರುಳಿ, ಅಷ್ಟೇ ಅವರ ಸಾಮಾನು. ಬಸ್ಸಿಗೆ ಕಾಯುತ್ತ ನಿಂತಾಗ ಆಸ್ಯಾ ಕೇಳಿದಳು, “ನನ್ನ ಪುಸ್ತಕದಲ್ಲಿ ಉತ್ತರ ಇಲ್ಲ, ಟೀಚರ್. ಸರಿಯೋ ತಪ್ಪೋ ಇನ್ನು ಯಾರು ಹೇಳುವುದು?”

“ಲೆಕ್ಕವೇ ಹೇಳ್ತದೆ. ಬಂದ ಉತ್ತರವನ್ನು ತಿರುಗಿ ಲೆಕ್ಕದೊಳಗೆ ಹಾಕು. ಎಲ್ಲ ಮಾತೂ ಕೂಡಿ ಬಂದರೆ ಸರಿ. ಒಂದು ಮಾತು ತಪ್ಪಿದರೂ ಪುನಃ ಮಾಡು. ಇನ್ನೊಬ್ಬರು ಬೇಕು ಅಂತ ಇಲ್ಲ.”

ಬಸ್ಸು ಬಂತು. ಕಂಡಕ್ಟರ್ ಅವಸರ ಮಾಡಿದ. ಆಸ್ಯಾ ಹಾಸಿಗೆಯ ಸುರುಳಿಯನ್ನು ಎತ್ತಿ ಕೊಟ್ಟಳು.

ಇನ್ನೊಬ್ಬರು ಬೇಕಾಗಿಲ್ಲವೆಂಬುದು ನಿಜವೇ ಆಗಿತ್ತು. ಹಾಕಿ ನೋಡಿದರೆ ಉತ್ತರ ತಾಳೆಯಾಗುತ್ತಿತ್ತು, ಇಲ್ಲವೇ ಆಗುತ್ತಿರಲಿಲ್ಲ. ಆದರೆ ತಾಳೆಯಾದಾಗ ತಲೆಯೆತ್ತಿ ನೋಡಿದರೆ ಎದುರಿಗೆ ಗೋಡೆ. ಜನವರಿಯಲ್ಲಿ ಒಂದು ಕಷ್ಟದ ಲೆಕ್ಕ ಮೂರು ದಿನ ಸತಾಯಿಸಿ ಕೊನೆಗೆ ಬಿಟ್ಟುಕೊಟ್ಟಿತು. ಆಸ್ಯಾ ಎದ್ದು ಅಡಿಗೆಮನೆಗೆ ಹೋದಳು. ಅಲ್ಲಿ ಸಫಿಯಾ ಮಕ್ಕಳಿಗೆ ಬಡಿಸುತ್ತಿದ್ದಳು. ಆಸ್ಯಾ ಬಾಗಿಲಲ್ಲಿ ಸ್ವಲ್ಪ ನಿಂತು, ನೀರು ಕುಡಿದು, ಹಿಂದಿರುಗಿದಳು. ಶನಿವಾರ ಮಧ್ಯಾಹ್ನಗಳಲ್ಲಿ ಹೆದ್ದಾರಿಯ ತುದಿಯ ಆ ಕೋಣೆಯ ಕಡೆ ಅವಳು ಹೋಗುತ್ತಿರಲಿಲ್ಲ. ಅಲ್ಲಿಗೆ ಒಬ್ಬ ದರ್ಜಿ ಬಂದು ಮಿಶಿನ್ನು ಇಟ್ಟಿದ್ದ.

ಪರೀಕ್ಷೆ ಕಾಪುವಿನಲ್ಲಿ. ಶಾಲೆಯ ಗೇಟಿನಲ್ಲಿ ಜವಾನ ಅವಳನ್ನು ತಡೆದ.

“ಮಕ್ಕಳನ್ನು ಬಿಟ್ಟು ನೀವು ಹೊರಗೆ ನಿಲ್ಲಿ, ಅಮ್ಮ.”

“ನಾನೇ ಬರೆಯುವುದು.”

ಅವನು ಅವಳ ಕೈಯ ಚೀಟಿ ನೋಡಿದ, ಮುಖ ನೋಡಿದ, ಪಕ್ಕಕ್ಕೆ ಸರಿದ. ಒಳಗೆ ಎರಡು ಜಡೆ ಹಾಕಿದ ಹುಡುಗಿಯರು ಮಗ್ಗಿ ಗುನುಗುತ್ತ ಓಡಾಡುತ್ತಿದ್ದರು. ಆಸ್ಯಾಳ ಬೆಂಚಿನಲ್ಲಿ ಕುಳಿತ ಹುಡುಗಿ ಅವಳನ್ನು ಕಂಡು ತಟ್ಟನೆ ಎದ್ದು ನಿಂತಳು, ಟೀಚರ್ ಎಂದುಕೊಂಡು. “ಕೂತುಕೋ ಮಗ, ನಾನೂ ನಿನ್ನ ಹಾಗೆಯೇ” ಎಂದಳು ಆಸ್ಯಾ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಆಮೇಲೆ ನಾಚಿ, ತನ್ನ ಶಾಯಿ ಬಾಟಲಿಯನ್ನು ಇಬ್ಬರ ನಡುವೆ ಇಟ್ಟಳು. ಅಷ್ಟು ಹತ್ತಿರದಲ್ಲಿ ಅವಳ ತಲೆಯ ತೆಂಗಿನೆಣ್ಣೆಯ ವಾಸನೆ ಬರುತ್ತಿತ್ತು. ಆಸ್ಯಾ ಪ್ರಶ್ನೆಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದಳು.

ಹೇಳಿಕೆ ಲೆಕ್ಕಗಳು ಆರಿದ್ದವು, ಐದನ್ನು ಬಿಡಿಸಬೇಕಿತ್ತು. ಐದನೆಯದು ವಯಸ್ಸಿನದ್ದು. ಅದನ್ನು ಬಿಟ್ಟು ಉಳಿದವನ್ನು ಮಾಡುತ್ತ ಹೋದಳು. ನಾಲ್ಕು ತಾಳೆಯಾದವು. ಕೊನೆಯದು ನೀರಿನ ತೊಟ್ಟಿಯ ಲೆಕ್ಕ. ಒಂದು ನಲ್ಲಿ ತುಂಬಿಸುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ. ಎರಡು ಸಲ ಬಿಡಿಸಿದಳು. ಹಾಕಿ ನೋಡಿದರೆ ಎರಡು ಸಲವೂ ತೊಟ್ಟಿ ತುಂಬಲಿಲ್ಲ. ಹೊತ್ತು ಕಡಿಮೆಯಿತ್ತು.

ಐದನೆಯದಕ್ಕೆ ತಿರುಗಿದಳು. ತಾಯಿಯ ವಯಸ್ಸು ಮಗಳ ವಯಸ್ಸಿನ ನಾಲ್ಕರಷ್ಟು. ಐದು ವರ್ಷಗಳ ನಂತರ ಮೂರರಷ್ಟಾಗುವುದು. ಹಾಗಾದರೆ ಅವರ ಈಗಿನ ವಯಸ್ಸೆಷ್ಟು?

ಇದನ್ನು ತನ್ನ ಓಣಿಯಲ್ಲಿ ಆದ ಹಾಗೆ ಹೇಳಿಕೊಳ್ಳಲು ಅವಳು ಹೋಗಲಿಲ್ಲ. ಬೇರೆ ಯಾರೋ ತಾಯಿ, ಬೇರೆ ಯಾರದೋ ಮಗಳು ಎಂದುಕೊಂಡಳು. ಮಗಳಿಗೆ ಹತ್ತು ಬಂತು, ತಾಯಿಗೆ ನಲವತ್ತು. ಐದು ವರ್ಷ ಕೂಡಿಸಿದಳು. ಹದಿನೈದು, ನಲವತ್ತೈದು. ತಾಳೆಯಾಯಿತು. ಯಾರೋ ಒಬ್ಬ ಹುಡುಗಿ ಹತ್ತರಿಂದ ಹದಿನೈದಕ್ಕೆ ಬೆಳೆದು ನಿಂತಳು. ಆಸ್ಯಾ ಮತ್ತೊಮ್ಮೆ ಕೂಡಿಸಿ ನೋಡಿದಳು, ನೋಡುವ ಅಗತ್ಯವಿಲ್ಲದಿದ್ದರೂ. ಗಂಟೆ ಹೊಡೆಯಿತು. ಪಕ್ಕದ ಹುಡುಗಿ, “ನಿಮಗೆ ಆರನೇದು ಬಂತಾ?” ಎಂದು ಕೇಳಿದಳು. ಇಲ್ಲ ಎಂದು ಆಸ್ಯಾ ತಲೆಯಾಡಿಸಿದಳು. “ನನಗೂ ಇಲ್ಲ” ಎಂದು ಹುಡುಗಿ ಸಮಾಧಾನಪಟ್ಟುಕೊಂಡು ಗೆಳತಿಯರ ಕಡೆಗೆ ಓಡಿದಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಶಾಲೆಯ ಗೋಡೆಗೆ ಅಂಟಿಸಿದ್ದ ಕಾಗದದಲ್ಲಿ ಅವಳ ನಂಬರಿತ್ತು. ಬಿಸಿಲಲ್ಲಿ ಮನೆಗೆ ಬಂದು ಹೇಳಿದಳು. “ಹೌದಾ? ಒಳ್ಳೆಯದಾಯಿತು” ಎಂದಳು ಸಫಿಯಾ, ಮನಸ್ಸಿನಿಂದಲೇ. ಮತ್ತೆ, “ಬೂತಾಯಿ ಮೀನು ತಂದಿಟ್ಟಿದ್ದೇನೆ, ಸ್ವಲ್ಪ ಹಸನು ಮಾಡಿ ಕೊಡು” ಎಂದಳು.

ಮರುದಿನ ಆಸ್ಯಾ ಪಡುಬಿದ್ರಿಗೆ ಹೋಗಿ ಅಲ್ಲಿಂದ ಕಾರ್ಕಳದ ಬಸ್ಸು ಹಿಡಿದಳು. ಆ ದಾರಿಯಲ್ಲಿ ಅವಳು ಒಬ್ಬಳೇ ಹೋದದ್ದು ಅದೇ ಮೊದಲು. ಕೇಳುತ್ತ ಕೇಳುತ್ತ ಶಾಲೆ ಸಿಕ್ಕಿತು. ಬೀಗ ಹಾಕಿತ್ತು. ಅಂಗಳದಲ್ಲಿ ಆಡುಗಳು ಮಲಗಿದ್ದವು. ಪಕ್ಕದ ಅಂಗಡಿಯಲ್ಲಿದ್ದ ಪಾಸ್ಕಲ್ ಎಂಬ ಮುದುಕ ಎದ್ದು ಬಂದ.

“ಲೊರ್ನಾ ಟೀಚರಾ? ದೊಡ್ಡ ರಜೆ ಅಲ್ವಾ, ಊರಿಗೆ ಹೋಗಿದ್ದಾರೆ. ಎಂತ ಹೇಳಬೇಕಿತ್ತು?”

ಆಸ್ಯಾಳಿಗೆ ರಜೆಯ ನೆನಪೇ ಆಗಿರಲಿಲ್ಲ. ಇಷ್ಟು ದೂರ ಹೊತ್ತು ತಂದ ಸುದ್ದಿಯನ್ನು ಗುರುತಿಲ್ಲದ ಮುದುಕನ ಹತ್ತಿರ ಹೇಳಲು ಬಾಯಿ ಬರಲಿಲ್ಲ.

“ಎಂತ ಇಲ್ಲ. ಉಚ್ಚಿಲದ ಆಸ್ಯಾ ಬಂದಿದ್ದಳು ಅಂತ ಹೇಳಿ.”

“ಹೇಳುವ, ಹೇಳುವ. ನೀರು ಕುಡೀತೀರಾ? ಬೆಲ್ಲ ಉಂಟು.”

ಅವನು ಕೊಟ್ಟ ಬೆಲ್ಲ ಕಚ್ಚಿ ನೀರು ಕುಡಿದಳು. ಪಾಸಾದ ಲೆಕ್ಕಕ್ಕೆ ಸಿಹಿ ಇದೇ ಎಂದು ಬಸ್ಸಿನಲ್ಲಿ ಕುಳಿತ ಮೇಲೆ ಅನ್ನಿಸಿತು. ಅವನು ಟೀಚರಿಗೆ ಹೇಳಿದನೋ ಇಲ್ಲವೋ ಗೊತ್ತಾಗಲಿಲ್ಲ. ಅವರು ಮತ್ತೆ ಸಿಗಲೂ ಇಲ್ಲ. ಅಲ್ಲಿಂದಲೂ ಅವರಿಗೆ ವರ್ಗವಾಯಿತೆಂದು ಯಾರೋ ಹೇಳಿದರು.

ಬಾಲವಾಡಿ ಆ ವರ್ಷ ತೆರೆಯಲಿಲ್ಲ. ೧೯೮೧ರಲ್ಲಿ ಮಸೀದಿಯ ಹಿಂದೆ ಹಂಚಿನ ಒಂದು ಕಟ್ಟಡ ಬಾಡಿಗೆಗೆ ಸಿಕ್ಕಿ, ಆಸ್ಯಾ ಅಲ್ಲಿಯ ಟೀಚರಾದಳು. ಅಮ್ಮಂದಿರ ಸೊಂಟದಿಂದ ಇಳಿಯದೆ ಅಳುತ್ತಿದ್ದ ಮಕ್ಕಳು ಅವಳ ಬ್ಯಾರಿ ಕೇಳಿ ಅಳು ನಿಲ್ಲಿಸಿ ನೋಡುತ್ತಿದ್ದವು. ಹಿಂದುಗಡೆಯ ಕೋಣೆಗೆ ಎಂದೂ ಬಾರದ ಹೆಂಗಸರು ಈಗ ಬಾಗಿಲಲ್ಲಿ ನಿಂತು, “ಟೀಚರ್, ಇವನು ನಿನ್ನೆಯಿಂದ ಎಂತ ತಿನ್ನುವುದಿಲ್ಲ” ಎನ್ನುತ್ತಿದ್ದರು. ರಜೆಯಲ್ಲಿ ಬಂದ ಅಲಿ, ಮುಂದಿನ ಕೋಣೆಗೆ ಬಂದು ಇರು ಎಂದು ತಂಗಿಯನ್ನು ಕರೆದ. ಅವಳು ಬಾಲವಾಡಿಯ ಪಕ್ಕದ ಒಂದು ಕೋಣೆ ಮತ್ತು ಅಡಿಗೆ ಜಾಗವನ್ನೇ ಹಿಡಿದಳು. “ಒಬ್ಬಳೇ ಹೇಗೆ ಇರುತ್ತೀ?” ಎಂದು ಅಲಿ ಬೇಸರಪಟ್ಟ. ಅವನ ಮನೆಯಲ್ಲಿ ತಾನು ಹೇಗಿದ್ದೆನೆಂದು ಅವಳು ಹೇಳಲಿಲ್ಲ.

ಹಗಲು ಚೆನ್ನಾಗಿಯೇ ಕಳೆಯುತ್ತಿತ್ತು. ಮಧ್ಯಾಹ್ನ ಮಕ್ಕಳೆಲ್ಲ ಹೊರಟ ಮೇಲೆ ಒಂದು ಹುಡುಗಿ ಮಾತ್ರ ಉಳಿಯುತ್ತಿದ್ದಳು. ಅವಳ ತಾಯಿ ಮೀನು ಮಾರಿ ಬರುವಾಗ ತಡವಾಗುತ್ತಿತ್ತು. ಟೀಚರ್ ಮತ್ತು ಆ ಮಗು ಮೆಟ್ಟಿಲ ಮೇಲೆ ಕುಳಿತು ಓಣಿಯನ್ನು ನೋಡುತ್ತಿದ್ದರು. ಇಬ್ಬರೂ ಹೆಚ್ಚು ಮಾತಿನವರಲ್ಲ. ತಾಯಿ ದೂರದಲ್ಲಿ ಕಂಡೊಡನೆ ಮಗು ಹೇಳದೆ ಕೇಳದೆ ಎದ್ದು ಓಡುತ್ತಿತ್ತು. ಆಸ್ಯಾ ಅವರು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು, ಬಾಗಿಲಿಗೆ ಬೀಗ ಹಾಕಿ, ಅನ್ನಕ್ಕೆ ಇಡಲು ಒಳಗೆ ಹೋಗುತ್ತಿದ್ದಳು.