ಅರ ಹಾಕಿದ ರಿಂಗು

ಹಿಂದೂಪುರದಲ್ಲಿ ಮೆಕ್ಯಾನಿಕ್ ಶೆಡ್ ಇಟ್ಟಿರುವ ನನ್ನ ಅಣ್ಣನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಸಿಕೊಳ್ಳಬೇಕು ಅಂತ ನನಗೆ ಅನ್ನಿಸಿಯೂ ಇಲ್ಲ.

ನಾನು ಕಂಬದೂರಿಗೂ ಕಲ್ಯಾಣದುರ್ಗಕ್ಕೂ ಜನರನ್ನು ಸಾಗಿಸುವ ಜೀಪ್ ಓಡಿಸುತ್ತೇನೆ. ಮೊದಲು ಓಡಿಸುತ್ತಿದ್ದವನು ನನ್ನ ಗಂಡ. ಸೊಂಟ ಬಿದ್ದು ಕ್ಲಚ್ ತುಳಿಯಲು ಆಗದೆ ಅವನು ಕಲ್ಯಾಣದುರ್ಗದ ಸ್ಟ್ಯಾಂಡಿನಲ್ಲೇ ಟೀ ಅಂಗಡಿ ಹಾಕಿಕೊಂಡ. ಸ್ಟಿಯರಿಂಗ್ ನನ್ನ ಕೈಗೆ ಬಂತು. ಆ ಸ್ಟ್ಯಾಂಡಿನಲ್ಲಿ ಬೇರೆ ಹೆಂಗಸು ಡ್ರೈವರ್ ಇಲ್ಲ. ಮೊದಮೊದಲು ನಕ್ಕರು, ಆಮೇಲೆ ಸುಮ್ಮನಾದರು.

ಹೋದ ಬೇಸಿಗೆಯಲ್ಲಿ ಎಂಜಿನ್ ನೀಲಿ ಹೊಗೆ ಕಾರಿ ಆಯಿಲ್ ಕುಡಿಯತೊಡಗಿತು. ಹಳೆಯ ಪಿಸ್ಟನ್ ರಿಂಗುಗಳು ಸಡಿಲಗೊಂಡಿದ್ದವು. ರಿಂಗು ಅಂದರೆ ಒಂದು ಕಡೆ ಸೀಳಿದ ಉಕ್ಕಿನ ಬಳೆ. ಒಳಗೆ ಅದುಮಿ ಕೂರಿಸಿದರೆ ಅದು ಅರಳಲು ನೋಡುತ್ತಾ ಸಿಲಿಂಡರ್ ಗೋಡೆಯನ್ನು ಒತ್ತುತ್ತಲೇ ಇರುತ್ತದೆ. ಒತ್ತಡ ಕಡಿಮೆಯಾದರೆ ಆಯಿಲ್ ಮೇಲೆ ಹತ್ತುತ್ತದೆ, ಗಾಡಿಯ ಕಸುವು ಕೆಳಗೆ ಸೋರುತ್ತದೆ. ಹೆಚ್ಚಾದರೆ ಗೋಡೆಯ ಮೇಲಿನ ಆಯಿಲ್ ಪದರವನ್ನೇ ಕೆರೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವನೂ ಅದೇ ಅಣ್ಣನೇ.

ಜೀಪನ್ನು ಅವನ ಶೆಡ್ಡಿನಲ್ಲಿ ಬಿಟ್ಟು ಬಂದೆ. ಕೆಲಸ ಮುಗಿಸಿ ಕೊಟ್ಟಾಗ ಹೊಗೆ ನಿಂತಿತ್ತು. ಆದರೆ ಬೆಳಗ್ಗೆ ಸ್ಟಾರ್ಟರ್ ಮುಲುಗುತ್ತಿತ್ತು. ಗೇರಿನಲ್ಲಿದ್ದಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಗಾಡಿ ಜಗ್ಗುತ್ತಿತ್ತು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಎರಡನೆಯದು ಬೇಕಾಯಿತು. ಡೀಸೆಲ್ ಹೆಚ್ಚು ಹೋಗುತ್ತಿತ್ತು, ಎಂಜಿನ್ ಕಾಯುತ್ತಿತ್ತು.

ಫೋನ್ ಮಾಡಿದೆ.

"ಹೊಸ ರಿಂಗು ಕಣಮ್ಮ, ಬಿಗಿ ಇರ್ತದೆ. ನಾಕು ದಿನ ಓಡುದ್ರೆ ಸೆಟ್ಟಾಯ್ತದೆ," ಅಂದ.

"ಇಷ್ಟೊಂದು ಬಿಗಿ ಇರಲ್ಲಣ್ಣ. ತಳ್ಳಿ ಸ್ಟಾರ್ಟ್ ಮಾಡಿಸ್ತಿದೀನಿ, ಎಂಜಿನ್ನೂ ಕಾಯ್ತೈತೆ."

"ನೀನು ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡುಸ್ತೀಯ. ಅದ್ಕೇ ಕಾಯ್ತದೆ."

ತಿಂಗಳು ಕಳೆದರೂ ಸೆಟ್ಟಾಗಲಿಲ್ಲ. ಅಷ್ಟರಲ್ಲಿ ಅವನು ತನ್ನ ಶೆಡ್ಡಿಗೆ ಬಂದಿದ್ದ ನಮ್ಮ ಸ್ಟ್ಯಾಂಡಿನ ಡ್ರೈವರ್ ಒಬ್ಬನಿಗೂ ಈ ಕ್ಲಚ್ಚಿನ ಮಾತು ಹೇಳಿದ್ದ. ಮಾರನೆಯ ದಿನ ನಾನು ಗಾಡಿ ತಿರುಗಿಸುವಾಗ ಇನ್ನೊಬ್ಬ ತೆಲುಗಿನಲ್ಲಿ ಕೂಗಿದ: "ಅಕ್ಕಾ, ಕ್ಲಚ್ ಮೀದ ಕಾಲು ತೀಯ್!" ಕ್ಲಚ್ಚಿನಿಂದ ಕಾಲು ತೆಗಿ ಅಂತ. ಎಲ್ಲರೂ ನಕ್ಕರು. ನನ್ನ ಗಂಡ ಟೀ ಸೋಸುತ್ತಾ, "ಬಿಡು, ನಿಮ್ಮಣ್ಣ ತಾನೇ," ಅಂದ. ಅಣ್ಣನಾದ್ದರಿಂದಲೇ ನನಗೆ ಮೈ ಉರಿಯಿತು.

ಆಮೇಲೊಂದು ಬೆಳಗ್ಗೆ ಕಂಬದೂರಿನಿಂದ ಬರುವಾಗ ಏರಿನ ನಡುವೆ ಎಂಜಿನ್ ಕಿರುಗುಟ್ಟಿ ಬಿಗಿದುಕೊಂಡು ನಿಂತೇಬಿಟ್ಟಿತು. ಗಾಡಿಯಲ್ಲಿ ಒಬ್ಬ ಹುಡುಗಿ ಇದ್ದಳು, ಅಂಗನವಾಡಿ ಕೆಲಸದ ಇಂಟರ್ವ್ಯೂಗೆ ಹೊರಟಿದ್ದಳು. ಇಸ್ತ್ರಿ ಮಾಡಿದ ಸೀರೆ ಮುದುಡದಂತೆ ಸೀಟಿನ ತುದಿಯಲ್ಲಿ ಕೂತಿದ್ದಳು. ಬಿಸಿಲಲ್ಲಿ ರಸ್ತೆ ಬದಿ ನಿಂತು ಬಸ್ಸಿಗೆ ಕೈ ಅಡ್ಡ ಹಿಡಿದಳು. ಬಸ್ಸು ಬಂದಾಗ ತಡವಾಗಿತ್ತು. ಅವಳು ಒಳಗೆ ಹೋಗುವಷ್ಟರಲ್ಲಿ ಹೆಸರು ಕರೆದು ಮುಗಿಸಿದ್ದರಂತೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಜೀಪನ್ನು ಮಿನಿ ಲಾರಿಗೆ ಹಾಕಿಸಿ ನಾನೇ ಹಿಂದೂಪುರಕ್ಕೆ ಹೋದೆ.

"ಆಯಿಲ್ ನೋಡ್ಕೊಂಡಿರಲ್ಲ ನೀನು," ಅಂದ ಅಣ್ಣ.

ಆಯಿಲ್ ಕಡ್ಡಿ ಎಳೆದು ಅವನ ಮುಖಕ್ಕೆ ಹಿಡಿದೆ. ಆಯಿಲ್ ಗುರುತಿನ ತನಕ ಇತ್ತು. "ನನ್ನ ಕಣ್ಣೆದುರಿಗೇ ಬಿಚ್ಚು," ಅಂದೆ.

ಬಿಚ್ಚಿದ. ಸಿಲಿಂಡರ್ ಗೋಡೆ ತುಂಬ ಮೇಲಿಂದ ಕೆಳಗೆ ಗೀರುಗಳು. ಪಿಸ್ಟನ್ ಹೊರತೆಗೆದು ರಿಂಗುಗಳನ್ನು ಬಿಡಿಸಿದಾಗ ಒಂದನ್ನು ಕೈಗೆತ್ತಿಕೊಂಡೆ. ಅದರ ಎರಡೂ ತುದಿಗಳಲ್ಲಿ, ಕಬ್ಬಿಣ ಸವೆಸುವ ಅರದಿಂದ ಉಜ್ಜಿದ ಗೆರೆಗಳಿದ್ದವು. ಗೋಡೆ ಸವೆದಿದ್ದ ಸಿಲಿಂಡರನ್ನು ಲೇತಿನಲ್ಲಿ ಕೊರೆಸಿ, ದೊಡ್ಡ ಪಿಸ್ಟನ್ ಹಾಕಿ, ಆಮೇಲೆ ದೊಡ್ಡ ರಿಂಗು ಹಾಕಬೇಕಿತ್ತು. ಅವನು ಕೊರೆಸಿರಲಿಲ್ಲ. ದೊಡ್ಡ ರಿಂಗಿನ ತುದಿಗಳಿಗೆ ಅರ ಹಾಕಿ, ಹಳೆಯ ಸಿಲಿಂಡರಿಗೇ ಅದುಮಿ ತುರುಕಿದ್ದ.

"ಇದೇನಣ್ಣ?"

"ಲೇತ್‌ನೋನು ಆವತ್ತು ಸಿಗಲಿಲ್ಲ. ಹೊಗೆ ನಿಂತ್ರೆ ಸಾಕು ಅಂದ್ಕಂಡೆ."

"ನಾನು ಕೇಳ್ದಾಗ ಯಾಕೆ ಹೇಳಲಿಲ್ಲ?"

ಕೈ ಒರೆಸಿಕೊಳ್ಳುತ್ತಾ ಅವನು ಹೇಳಿದ: "ನಿಂಗೇನು ಗೊತ್ತಾಯ್ತದೆ ಅಂತ ಬಿಟ್ಬುಟ್ಟೆ ಕಣಮ್ಮ."

ಹಾಕಿದ ತಪ್ಪು ರಿಂಗನ್ನು ನಾನು ಕ್ಷಮಿಸುತ್ತಿದ್ದೆನೇನೋ. ನನ್ನ ಕೈಕಾಲಿಗೆ ಗೊತ್ತಾಗುತ್ತಿದ್ದುದನ್ನು ತಾನೂ ಬಲ್ಲವನಾಗಿದ್ದು, ತಿಂಗಳುಗಟ್ಟಲೆ ಅದನ್ನು ಸುಳ್ಳು ಮಾಡಿ, ಸ್ಟ್ಯಾಂಡಿನಲ್ಲಿ ನನ್ನನ್ನು ನಗೆಪಾಟಲು ಮಾಡಿದವನು ಅವನು. "ಈಗಲೇ ಆ ಡ್ರೈವರ್‌ಗೆ ಫೋನ್ ಮಾಡಿ ನಿಜ ಹೇಳು," ಅಂದೆ. "ಅವನಿಗೇನು ಹೇಳೋದು, ಸುಮ್ಕಿರು," ಅಂದ.

ನಾನು ಸುಮ್ಮನಿರಲಿಲ್ಲ. ಎಂಜಿನ್ ಇಳಿಸಿ ಆಟೋದಲ್ಲಿ ಊರಿನ ಇನ್ನೊಂದು ತುದಿಯ ಶೆಡ್ಡಿಗೆ ಹಾಕಿಕೊಂಡು ಹೋದೆ. ಸಿಲಿಂಡರ್ ಕೊರೆಸಿ, ಅಳತೆಯ ಪಿಸ್ಟನ್, ಅಳತೆಯ ರಿಂಗು ಹಾಕಿಸಿದೆ. ಮುಚ್ಚುವ ಮೊದಲು ಕ್ರ್ಯಾಂಕ್ ತಿರುಗಿಸಿ ನೋಡಿದೆ. ಒಂದೇ ಕೈಗೆ ಹದವಾಗಿ ತಿರುಗಿತು. ಕಲ್ಯಾಣದುರ್ಗಕ್ಕೆ ಬಂದವಳೇ ಅರ ಹಾಕಿದ ರಿಂಗನ್ನು ಟೀ ಅಂಗಡಿಯ ಕಟ್ಟೆಯ ಮೇಲಿಟ್ಟು ಎಲ್ಲರಿಗೂ ತುದಿ ತೋರಿಸಿದೆ. ಕ್ಲಚ್ ಅಂತ ಕೂಗಿದವನು ಅರ್ಧ ಟೀ ಬಿಟ್ಟು ಎದ್ದು ಹೋದ.

ಯುಗಾದಿಗೆ ಅಣ್ಣ ಮನೆಗೆ ಬಂದ. "ಗಾಡಿ ಎಂಗೈತೆ?" ಅಂದ, ಏನೂ ನಡೆದೇ ಇಲ್ಲ ಅನ್ನುವ ಹಾಗೆ.

"ಚೆನ್ನಾಗೈತೆ. ಮೊದ್ಲು ಸ್ಟ್ಯಾಂಡಿಗೋಗಿ ನಿನ್ನ ಬಾಯಿಂದ ನಿಜ ಹೇಳ್ಬುಟ್ಟು ಬಾ, ಆಮೇಲೆ ಊಟಕ್ಕೆ ಕೂತ್ಕ," ಅಂದೆ.

ತಮಾಷೆ ಅಂದುಕೊಂಡು ನಕ್ಕ. ಒಬ್ಬಟ್ಟಿನ ತಟ್ಟೆಯನ್ನು ಗಂಡನ ಕೈಗೆ ಕೊಟ್ಟು ನಾನು ಹಿತ್ತಲಿಗೆ ಹೋದೆ. ಅಣ್ಣನಿಗೆ ಬಡಿಸಿದವನು ನನ್ನ ಗಂಡ, ನಾನಲ್ಲ.